ಕಿಲುಬು ಹಿಡಿದ ಜರಡಿ, ಸೂರ್ಯನ ಕಬ್ಬಿಣ

ನನ್ನ ಅಣ್ಣನ ಮೊಮ್ಮಗಳು ಶ್ರುತಿ ಈಚೆಗೆ ನಕ್ಷತ್ರಗಳ ಬೆಳಕನ್ನು ಓದುವ ಕೆಲಸಕ್ಕೆ ಸೇರಿದಳು. ಕೊಚ್ಚಿಯ ಕಾಕ್ಕನಾಡಿನ ಈ ಫ್ಲ್ಯಾಟಿಗೆ ರಜೆಯಲ್ಲಿ ಬಂದಾಗ ಲ್ಯಾಪ್‌ಟಾಪು ತೆರೆದು ನನಗೊಂದು ಪಟ್ಟಿ ತೋರಿಸಿದಳು. ಕಬ್ಬಿಣದ ಸಾವಿರಾರು ರೇಖೆಗಳು, ಒಂದೊಂದರ ಎದುರಿಗೂ ಅದರ ಬಲವನ್ನು ಹೇಳುವ ಒಂದು ಸಂಖ್ಯೆ. ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಅವಳ ಮೇಲಿನವರು ಇಂಟರ್‌ನೆಟ್ಟಿನಿಂದ ಇಳಿಸಿಕೋ ಅಷ್ಟೆ ಎನ್ನುತ್ತಾರಂತೆ. ಇಷ್ಟನ್ನೂ ಅವಳು ಮಲಯಾಳದಲ್ಲಿ ಹೇಳಿದಳು. ಅದರಲ್ಲಿ 'ಅಜ್ಜಿ' ಎಂಬ ಒಂದು ಶಬ್ದ ಮಾತ್ರ ಕನ್ನಡ.

ಅವಳಿಗಾಗಿ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಮಾಷೆಯೆಂದರೆ ಅವಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಯಾರಾದರೂ ಓದಿ ಹೇಳಿದರೆ ಉಪಕಾರ. ಬಡ್ತಿ, ಸಂಬಳ, ಸನ್ಮಾನ ಇವುಗಳ ಸುದ್ದಿ ಇದರಲ್ಲಿ ಇಲ್ಲ. ಅವು ಹೆಚ್ಚು ಇರಲೂ ಇಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಒಂದು ನಕ್ಷತ್ರದಲ್ಲಿ ಕಬ್ಬಿಣ ಎಷ್ಟಿದೆ ಎಂದು ತಿಳಿಯಬೇಕಾದರೆ ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡುತ್ತಾರೆ. ಕಬ್ಬಿಣ ಇದ್ದಲ್ಲಿ ಆ ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಗೆರೆ ದಪ್ಪವಿದ್ದರೆ ಕಬ್ಬಿಣ ಹೆಚ್ಚು ಎಂದು ಹೇಳಿಬಿಡಲು ಬರುವುದಿಲ್ಲ. ಕೆಲವು ಗೆರೆಗಳು ಹುಟ್ಟಿನಿಂದಲೇ ದೊಡ್ಡ ಗಂಟಲಿನವು. ಚೂರು ಕಬ್ಬಿಣವಿದ್ದರೂ ಊರಿಗೆಲ್ಲ ಕೇಳುವಂತೆ ಕೂಗುತ್ತವೆ. ಇನ್ನು ಕೆಲವು ಮೆಲುದನಿಯವು, ರಾಶಿ ಕಬ್ಬಿಣವಿದ್ದರೆ ಮಾತ್ರ ಕಾಣಿಸಿಕೊಳ್ಳುತ್ತವೆ. ಯಾವ ಗೆರೆಯ ದನಿ ಎಷ್ಟು ಎಂಬುದನ್ನು ನಕ್ಷತ್ರ ಹೇಳುವುದಿಲ್ಲ. ಅದನ್ನು ಭೂಮಿಯ ಮೇಲೆಯೇ, ಒಂದು ಕೋಣೆಯೊಳಗೆ, ಕಬ್ಬಿಣದ ಸಲಾಕೆಯನ್ನು ಉರಿಸಿ ಅಳೆಯಬೇಕು. ಮೆಲುದನಿಯ ಗೆರೆಯನ್ನು ನಾವು ತಪ್ಪಾಗಿ ಜೋರು ದನಿಯದೆಂದು ಬರೆದಿಟ್ಟರೆ, ಅಷ್ಟು ಗೆರೆಗೆ ಇಷ್ಟೇ ಕಬ್ಬಿಣ ಸಾಕು ಎಂದುಕೊಂಡು ಖಗೋಳದವರು ನಕ್ಷತ್ರದ ಕಬ್ಬಿಣವನ್ನು ಕಡಿಮೆ ಹೇಳುತ್ತಾರೆ. ತಪ್ಪು ನಮ್ಮ ಕೋಣೆಯದು, ಬಡತನ ನಕ್ಷತ್ರಕ್ಕೆ.

ಆ ಕೋಣೆಗೆ ನಾನು ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ, ತಿರುವನಂತಪುರದಲ್ಲಿ. ನನ್ನ ಊರು ಕುಂಬಳೆಯ ಹತ್ತಿರ. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಕಾಸರಗೋಡು ಕೇರಳಕ್ಕೆ ಸೇರಿತ್ತು. ನಮ್ಮ ಮನೆ ಇದ್ದಲ್ಲೇ ಇತ್ತು, ಸರ್ಕಾರ ಬದಲಾಯಿತು. ಕೆಲಸದ ಅರ್ಜಿಗಳೆಲ್ಲ ಉತ್ತರಕ್ಕೆ ಹೋಗುವ ಬದಲು ದಕ್ಷಿಣಕ್ಕೆ ಹೋಗತೊಡಗಿದವು. ಹಾಗೆ ಒಂದು ಅರ್ಜಿಗೆ ಉತ್ತರ ಬಂದು, ಅಪ್ಪ ನನ್ನನ್ನು ಆ ಊರಿನ ಪಟ್ಟಂ ಬಡಾವಣೆಯಲ್ಲಿ ಅಮ್ಮಿಣಿಯಮ್ಮ ಎಂಬ ವಿಧವೆಯ ಮನೆಯ ಹಿಂಬದಿಯ ಕೋಣೆಯಲ್ಲಿ ಬಿಟ್ಟು, ಕಣ್ಣು ಒರೆಸಿಕೊಳ್ಳುತ್ತ ಬಸ್ಸು ಹತ್ತಿದರು.

ಅಮ್ಮಿಣಿಯಮ್ಮ ಒಳ್ಳೆಯವರು. ಬಾಗಿಲಲ್ಲಿ ನಿಂತು "ಊಣು ಕಳಿಚ್ಚೋ ಮೋಳೆ?" ಎಂದು ದಿನವೂ ಊಟದ ವಿಚಾರ ಕೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕಾಸರಗೋಡಿನವಳಾದ ಮೇಲೆ ಮಲಯಾಳ ಬರಬೇಕಲ್ಲ ಎಂದು ಎಲ್ಲರ ಎಣಿಕೆ. ಬರುತ್ತಿತ್ತು, ಆದರೆ ಅದು ಅಂಗಡಿಗೆ ಸಾಕಾಗುವ ಮಲಯಾಳ. ಮನಸ್ಸಿನಲ್ಲಿರುವುದನ್ನು ಹೇಳಲಿಕ್ಕೆ ಸಾಲದು. ಭಾನುವಾರ ಬಂದರೆ ಹೆದರಿಕೆಯಾಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಿಚ್ಚದೆ ಕೂತು, ಸೋಮವಾರ ಮಾತಾಡಲು ಹೊರಟರೆ ದನಿ ಗೊಗ್ಗರಾಗಿರುತ್ತಿತ್ತು.

ಸೋಮವಾರ ಮಾತಾಡಲು ಸಿಗುತ್ತಿದ್ದವರು ರಾಯರು. ಡಾಕ್ಟರ್ ಮಾಧವರಾಯರು ಮೈಸೂರಿನವರು, ಆ ಪ್ರಯೋಗಶಾಲೆಯ ಮುಖ್ಯಸ್ಥರು. ಮುಖ್ಯಸ್ಥರೆಂದರೆ ಅವರ ಕೈಕೆಳಗೆ ಇದ್ದದ್ದು ನಾನೊಬ್ಬಳು, ಒಂದು ಕತ್ತಲೆ ಕೋಣೆ, ಬೆಳಕನ್ನು ಬಿಡಿಸುವ ಉದ್ದನೆಯ ಪೆಟ್ಟಿಗೆಯಂಥ ಯಂತ್ರ, ಗಾಜಿನ ಪ್ಲೇಟಿನ ಮೇಲಿನ ಕಪ್ಪನ್ನು ಅಳೆಯುವ ಇನ್ನೊಂದು ಯಂತ್ರ. ಅವರ ಹೆಂಡತಿಗೆ ಉಬ್ಬಸ. ಕಡಲ ತೇವ ಆಗುವುದಿಲ್ಲವೆಂದು ಆಕೆ ಮಗಳು ಸುಮತಿಯೊಂದಿಗೆ ಮೈಸೂರಿನಲ್ಲೇ ಉಳಿದಿದ್ದರು. ರಾಯರು ಎರಡು ವರ್ಷಕ್ಕೆಂದು ಬಂದವರು, ಕಬ್ಬಿಣದ ಗೆರೆಗಳ ಪಟ್ಟಿ ಮುಗಿಯದೆ ಇಲ್ಲೇ ಇದ್ದರು. ಕೆಲಸಕ್ಕೆ ಸೇರಿದ ದಿನ ನನ್ನ ಹೆಸರು, ಊರು ಕೇಳಿದವರೇ ಇಂಗ್ಲಿಷ್ ಬಿಟ್ಟರು.

"ವಿಶಾಲಾಕ್ಷಿ ಅಂತಲೇನಮ್ಮ? ಊಟ ಗೀಟ ಎಲ್ಲ ಹೇಗೆ, ವ್ಯವಸ್ಥೆ ಆಗಿದೆಯಾ?"

"ಉಂಟು ಸರ್."

"ನಿಮ್ಮ ಕಡೆ ಎಲ್ಲಾದಕ್ಕೂ ಉಂಟು ಅಂತೀರಲ್ಲ, ಇದೆ ಅನ್ನೋದಕ್ಕೆ ಏನಾದ್ರೂ ಸುಂಕ ಕಟ್ಟಬೇಕೇನು?"

ಆ ದಿನದಿಂದ ಅದೊಂದು ಆಟವಾಯಿತು. ನಾನು 'ಉಂಟು' ಎಂದರೆ ಅವರು 'ಇದೆ' ಎಂದು ತಿದ್ದುವುದು, ನಾನು ಬಿಡದೆ ಮತ್ತೆ 'ಉಂಟು' ಎನ್ನುವುದು. ಅವರೊಂದಿಗೆ ಕನ್ನಡ ಆಡುವ ಆ ಹೊತ್ತಿಗಾಗಿ ನಾನು ಬಸ್ಸು ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ. ಮೈಸೂರಿನಲ್ಲಿ ಯಾರಾದರೂ ಹಾಗೆ ಮಾತಾಡಿದ್ದರೆ ಇವರದು ಎಂಥ ಕೊಂಕು ಎಂದು ಸಿಟ್ಟು ಬರುತ್ತಿತ್ತೋ ಏನೋ. ಅಲ್ಲಿ ಅದು ಮನೆಯ ಮಾತಾಗಿತ್ತು.

ಮೊದಲ ವಾರವೇ ನಾನೊಂದು ಘನಕಾರ್ಯ ಮಾಡಿದೆ. ಎರಡು ಕಬ್ಬಿಣದ ಸಲಾಕೆಗಳನ್ನು ಎದುರುಬದುರು ನಿಲ್ಲಿಸಿ ನಡುವೆ ವಿದ್ಯುತ್ತು ಹಾಯಿಸಿದರೆ ಕಣ್ಣು ಕುಕ್ಕುವ ಜ್ವಾಲೆ ಹುಟ್ಟುತ್ತದೆ. ಅದಕ್ಕೆ ಆರ್ಕ್ ಎಂದು ಹೆಸರು. ನೋಡಲು ಕಪ್ಪು ಕನ್ನಡಕ ಬೇಕು. ಕೆಳಗಿನ ಸಲಾಕೆಯ ತುದಿಯಲ್ಲಿ ಉರಿದು ಉರಿದು ಕರಗಿ ಗಟ್ಟಿಯಾದ ಕಪ್ಪು ಗುಂಡೊಂದು ಕೂತಿರುತ್ತದೆ. ನನ್ನ ಕಣ್ಣಿಗೆ ಅದು ಕೊಳೆಯಾಗಿ ಕಂಡಿತು. ಹಿಂದೆ ಇದ್ದವರು ಎಂಥ ಗಲೀಜು ಮನುಷ್ಯರು ಎಂದು ಬೈದುಕೊಂಡು, ಆ ಗುಂಡನ್ನು ಕುಟ್ಟಿ ಉದುರಿಸಿ, ಅಮ್ಮಿಣಿಯಮ್ಮನ ಅಡುಗೆಮನೆಯಿಂದ ಹುಣಸೆಹುಳಿ ತಂದು ಸಲಾಕೆಯನ್ನು ಫಳಫಳ ಹೊಳೆಯುವಂತೆ ತಿಕ್ಕಿಟ್ಟೆ. ರಾಯರು ಬಂದು ಆರ್ಕ್ ಹೊತ್ತಿಸಿದರು. ಜ್ವಾಲೆ ಒಂದು ಕಡೆ ನಿಲ್ಲದು. ಚಟಪಟ ಎಂದು ಸಿಡಿಯುವುದು, ಆರುವುದು, ಆ ಮೂಲೆಗೆ ಓಡುವುದು. ಇಡೀ ದಿನ ಒಂದು ಪ್ಲೇಟೂ ಸರಿಯಾಗಿ ಬರಲಿಲ್ಲ.

"ನಿಮ್ಮಮ್ಮ ಮನೇಲಿ ದೋಸೆ ಹೆಂಚನ್ನ ಹುಣಸೇಹಣ್ಣು ಹಾಕಿ ತಿಕ್ತಾರಾ?" ಎಂದು ಕೇಳಿದರು.

"ಇಲ್ಲ ಸರ್, ಕಾವಲಿ ತಿಕ್ಲಿಕ್ಕಿಲ್ಲ. ತಿಕ್ಕಿದ್ರೆ ದೋಸೆ ಏಳುದಿಲ್ಲ."

"ಇದೂ ಹಾಗೇ ಕಣಮ್ಮ. ಆ ಗುಂಡು ಪಳಗಿದ್ರೇನೇ ಜ್ವಾಲೆ ನಿಲ್ಲೋದು. ಇನ್ಮೇಲೆ ನನ್ನ ಕೇಳದೆ ಈ ಕೋಣೇಲಿ ಏನನ್ನೂ ತೊಳೀಬೇಡಿ."

ಗದರಲಿಲ್ಲ, ಮೆಲ್ಲಗೆ ಹೇಳಿದರು. ಅದಕ್ಕೇ ನನಗೆ ಹೆಚ್ಚು ತಾಗಿತು. ಅಂದಿನಿಂದ ಆ ಕೋಣೆಯ ಯಾವ ವಸ್ತುವಿಗೂ ನಾನು ಬಟ್ಟೆ ಮುಟ್ಟಿಸಲಿಲ್ಲ, ಧೂಳು ಒರೆಸುವುದಕ್ಕೂ ಕೇಳುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲಸದ ಕ್ರಮ ಹೀಗಿತ್ತು. ಆರ್ಕಿನ ಬೆಳಕನ್ನು ಗಾಜಿನ ಪ್ಲೇಟಿನ ಮೇಲೆ ಬೀಳಿಸಿ ಫೋಟೋ ತೆಗೆಯುವುದು. ಗೆರೆಯ ಬೆಳಕು ಜೋರಾದಷ್ಟೂ ಪ್ಲೇಟಿನ ಮೇಲೆ ಅದು ಹೆಚ್ಚು ಕಪ್ಪು. ಪ್ಲೇಟು ತೊಳೆಯುವ ದ್ರಾವಣ ತಣ್ಣಗಿರಬೇಕು. ತಿರುವನಂತಪುರದ ನಲ್ಲಿ ನೀರು ಯಾವ ಕಾಲದಲ್ಲೂ ಬೆಚ್ಚಗೆ. ಬೆಚ್ಚಗಾದರೆ ಗಾಜಿನ ಮೇಲಿನ ಲೇಪ ಉಬ್ಬಿ ಕಿತ್ತು ಬರುತ್ತಿತ್ತು. ಅದಕ್ಕೆ ಚಾಲ ಮಾರುಕಟ್ಟೆಯಿಂದ ಐಸು ತರಿಸುತ್ತಿದ್ದೆವು, ಮೀನಿಗೆ ಹಾಕುವ ಐಸು. ಕೈಗೆಲ್ಲ ಮೀನಿನ ವಾಸನೆ. ಊರಿಗೆ ಹೋದಾಗ ಅಮ್ಮ ನನ್ನ ಬ್ಯಾಗು ಮೂಸಿ ನೋಡಿ ಅದನ್ನು ಅಂಗಳದಲ್ಲಿಟ್ಟಳು. ನಕ್ಷತ್ರದ ಕೆಲಸ ಎಂದು ನಾನು ಹೇಳಿದ್ದನ್ನು ಅವಳು ನಂಬಿದಳೋ ಇಲ್ಲವೋ ತಿಳಿಯದು.

ಪ್ಲೇಟು ಒಣಗಿದ ಮೇಲೆ ಗೆರೆಗಳ ಕಪ್ಪನ್ನು ಒಂದೊಂದಾಗಿ ಅಳೆಯಬೇಕು. ಕತ್ತಲಲ್ಲಿ ಕೂತು, ಸೂಜಿ ಎಲ್ಲಿ ನಿಂತಿತೆಂದು ನೋಡಿ, ಬರೆದುಕೊಂಡು, ಮುಂದಿನ ಗೆರೆಗೆ ಸರಿಯುವುದು. ತಿಂಗಳುಗಟ್ಟಲೆ ಇದೇ. ಮಾತಿಗೆ ಯಾರೂ ಇಲ್ಲದ್ದರಿಂದ ನಾನು ಅಂಕಿಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ, ಕನ್ನಡದಲ್ಲಿ. ನಲವತ್ತೇಳು, ಹದಿಮೂರು, ಅರವತ್ತು. ಈ ಕೆಲಸಕ್ಕೆ ಬರುವವರಿಗೆ ಹೇಳುತ್ತೇನೆ, ಇದರಲ್ಲಿ ಬುದ್ಧಿಗಿಂತ ಒಂಟಿಯಾಗಿರುವ ತಾಳ್ಮೆ ಹೆಚ್ಚು ಬೇಕು. ಈಗ ನಿಮಗೆ ಕಂಪ್ಯೂಟರು ಇದೆ, ಒಂಟಿತನ ಅದರೊಂದಿಗೂ ಬರುತ್ತದೆ.

ಇನ್ನು ಜರಡಿಯ ವಿಷಯ. ದೊಡ್ಡ ಗಂಟಲಿನ ಗೆರೆಯೂ ಮೆಲುದನಿಯ ಗೆರೆಯೂ ಒಂದೇ ಪ್ಲೇಟಿನಲ್ಲಿ ಬೀಳುವಾಗ, ಮೊದಲನೆಯದು ಉರಿದು ಕಪ್ಪು ಮಸಿಯಾಗುತ್ತದೆ, ಅಳತೆಗೆ ಸಿಗುವುದಿಲ್ಲ. ಅದಕ್ಕೆ ಅದರ ಬೆಳಕನ್ನು ತಗ್ಗಿಸಬೇಕು. ನಾವು ಹಿತ್ತಾಳೆ ತಂತಿಯ ಸಣ್ಣ ಜಾಲರಿಯೊಂದನ್ನು ಬೆಳಕಿಗೆ ಅಡ್ಡ ಹಿಡಿಯುತ್ತಿದ್ದೆವು. ನೋಡಲು ಥೇಟು ಹಿಟ್ಟಿನ ಜರಡಿ. ಹತ್ತು ಪಾಲು ಬೆಳಕಿನಲ್ಲಿ ಒಂದು ಪಾಲನ್ನು ಮಾತ್ರ ಬಿಡುವಂತೆ ಮಾಡಿದ್ದು. ಹಾಗಾಗಿ ಜರಡಿಯ ಹಿಂದೆ ಸಿಕ್ಕ ಅಳತೆಯನ್ನು ಹತ್ತರಿಂದ ಗುಣಿಸಿದರೆ ಗೆರೆಯ ನಿಜವಾದ ದನಿ.

ನಮ್ಮ ಅಳತೆ ಸರಿಯೋ ಎಂದು ತಿಳಿಯುವುದು ಹೇಗೆ? ಪರದೇಶದ ದೊಡ್ಡ ಪ್ರಯೋಗಶಾಲೆಯೊಂದು ಹಿಂದೆಯೇ ಮಾಡಿದ ಪಟ್ಟಿಯೊಂದಿತ್ತು. ಜಗತ್ತಿನ ಖಗೋಳದವರೆಲ್ಲ ಅದನ್ನೇ ಬಳಸುತ್ತಿದ್ದರು. ಅದರಲ್ಲಿ ಇರುವ ಗೆರೆಗಳನ್ನು ನಾವೂ ಅಳೆದು, ಎರಡನ್ನೂ ಗ್ರಾಫಿನ ಹಾಳೆಯ ಮೇಲೆ ಚುಕ್ಕಿ ಹಾಕಿ ನೋಡುತ್ತಿದ್ದೆವು. ಚುಕ್ಕಿಗಳು ಒಂದೇ ಸಾಲಿನಲ್ಲಿ ಕೂತರೆ ನಮ್ಮ ಯಂತ್ರ ಸರಿ, ಆಮೇಲೆ ಪಟ್ಟಿಯಲ್ಲಿ ಇಲ್ಲದ ಹೊಸ ಗೆರೆಗಳಿಗೆ ಕೈ ಹಾಕಬಹುದು. ಸಾಲು ತಪ್ಪಿದ ಪ್ಲೇಟನ್ನು ಮತ್ತೆ ತೆಗೆಯುತ್ತಿದ್ದೆವು. ಸಾಲಿಗೆ ಬಂದದ್ದನ್ನು ಮುಟ್ಟುತ್ತಿರಲಿಲ್ಲ. ಇದೇ ನಮ್ಮ ಪದ್ಧತಿ. ಆಗ ಇದರಲ್ಲಿ ಹುಳುಕು ಇದೆಯೆಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ನಮ್ಮ ಚುಕ್ಕಿಗಳು ಬರಬರುತ್ತ ಎಷ್ಟು ಚೆನ್ನಾಗಿ ಕೂತವೆಂದರೆ, ರಾಯರು ಸ್ಕೇಲಿಟ್ಟು ಗೀಟು ಎಳೆದು, "ದಾರ ಕಟ್ಟಿ ಹೂ ಪೋಣಿಸಿದ ಹಾಗಿದೆ ನೋಡಿ" ಎಂದು ಹಾಳೆಯನ್ನು ಗೋಡೆಗೆ ಅಂಟಿಸಿದರು.

ಲೇಖನ ಬರೆದು ಪರದೇಶದ ಪತ್ರಿಕೆಗೆ ಕಳಿಸಿದರು. ಒಪ್ಪಿಗೆಯೂ ಬಂತು. ಅದೇ ಸಮಯಕ್ಕೆ ಮೈಸೂರಿನ ಕಾಲೇಜೊಂದರಲ್ಲಿ ಹುದ್ದೆ ಖಾಲಿಯಾಗಿ, ಈ ಲೇಖನ ಅಚ್ಚಾಗಿ ಬಂದರೆ ಅದು ರಾಯರಿಗೇ ಎಂದು ಅಲ್ಲಿನವರು ಮಾತು ಕೊಟ್ಟಿದ್ದರು. ರಾಯರ ಹೆಜ್ಜೆಯೇ ಬದಲಾಯಿತು. ಸುಮತಿಗೆ ಇನ್ನು ಲೆಕ್ಕ ತಾನೇ ಹೇಳಿಕೊಡುತ್ತೇನೆ ಎನ್ನುತ್ತಿದ್ದರು. ಹೆಂಡತಿಯ ಉಬ್ಬಸಕ್ಕೆ ಬೆಳಗಿನ ಜಾವ ಬಿಸಿನೀರು ಕಾಯಿಸಿಕೊಡಲು ಒಬ್ಬರು ಪಕ್ಕದಲ್ಲಿದ್ದರೆ ಅರ್ಧ ಕಾಯಿಲೆ ಹೋದ ಹಾಗೆ ಎನ್ನುತ್ತಿದ್ದರು. ನಾನು ಸಂತೋಷ ಸರ್ ಎಂದೆ. ಮನೆಗೆ ಬಂದು ಚಾಪೆಯ ಮೇಲೆ ಮಲಗಿ ಅತ್ತೆ. ಅವರು ಹೋದರೆ ಆ ಊರಿನಲ್ಲಿ ನಾನು ಯಾರ ಹತ್ತಿರ ಮಾತಾಡುವುದು?

ಆ ದಿನಗಳಲ್ಲೇ ನನ್ನನ್ನು ಕೊಚ್ಚಿಗೆ ಕಳಿಸಿದರು. ಪರದೇಶದಿಂದ ಹೊಸ ಪ್ಲೇಟುಗಳ ಪೆಟ್ಟಿಗೆ ಹಡಗಿನಲ್ಲಿ ಬಂದಿತ್ತು, ಬಿಡಿಸಿಕೊಂಡು ಬರಬೇಕಿತ್ತು. ಇಡೀ ದಿನ ಬಸ್ಸಿನಲ್ಲಿ ಕುಲುಕಿ, ಎರ್ನಾಕುಳಂನಲ್ಲಿ ಪರಿಚಯದವರ ಮನೆಯಲ್ಲಿ ತಂಗಿ, ಬೆಳಿಗ್ಗೆ ಜೆಟ್ಟಿಯಿಂದ ದೋಣಿಯಲ್ಲಿ ಬಂದರು ಇರುವ ದ್ವೀಪಕ್ಕೆ ಹೋದೆ. ಕಸ್ಟಮ್ಸ್ ಶೆಡ್ಡಿನಲ್ಲಿ ಅಧಿಕಾರಿಯೊಬ್ಬರು ಪೆಟ್ಟಿಗೆ ತೆರೆಯಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ತೆರೆದರೆ ಬೆಳಕು ಬಿದ್ದು ಪ್ಲೇಟುಗಳೆಲ್ಲ ಹಾಳು. ನಾನು ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ ವಿವರಿಸಿದೆ. ಅವರು ಕೇಳಲಿಲ್ಲ, ಕೂಲಿಯವನು ಕಬ್ಬಿಣದ ಕೊಕ್ಕೆ ಎತ್ತಿದ. ನಾನು ಎರಡೂ ಕೈಯನ್ನು ಪೆಟ್ಟಿಗೆಯ ಮೇಲಿಟ್ಟು, "ದೇವರೇ, ಇವರಿಗೆ ಎಂತ ಹೇಳುವುದು ಈಗ" ಎಂದು ನನ್ನಷ್ಟಕ್ಕೆ ಹೇಳಿಕೊಂಡೆ.

ಅಧಿಕಾರಿ ತಲೆಯೆತ್ತಿ ನೋಡಿದರು. "ಕನ್ನಡದವರೇನ್ರಿ ತಂಗಿ? ಮೊದಲs ಹೇಳಬಾರದಾ?"

ದೇಸಾಯಿ ಎಂದು ಅವರ ಹೆಸರು, ಧಾರವಾಡದ ಕಡೆಯವರು. ಕೂಲಿಯವನಿಗೆ ಕೈ ಬೀಸಿ ಹಿಂದಕ್ಕೆ ಕಳಿಸಿದರು. ನಾನು ಬೆಳಕು ತಾಗಿದರೆ ಆಗುವುದನ್ನು ಮತ್ತೆ ಹೇಳಿದೆ.

"ನಿಮ್ಮ ಮಾತು ಖರೆ ಇರಬಹುದು. ಆದ್ರ ತೆಗದು ನೋಡದs ಬಿಡಾಕ ನನಗೂ ಬರಂಗಿಲ್ರಿ. ಗಡಿಯಾರ ಪಡಿಯಾರ ತುಂಬಿಸಿ ತರ್ತಾರ ಮಂದಿ."

"ಕತ್ತಲೆ ಕೋಣೆಯಲ್ಲಿ ತೆರೆಯಬಹುದು. ನೀವು ಕೈಯಿಂದ ಮುಟ್ಟಿ ನೋಡಿದ್ರೆ ಸಾಕಾ?"

ಅವರು ನಕ್ಕರು. ಮಧ್ಯಾಹ್ನ ಇಬ್ಬರೂ ಪೆಟ್ಟಿಗೆಯನ್ನು ದೋಣಿಯಲ್ಲಿ ಹೇರಿಕೊಂಡು ಮಟ್ಟಾಂಚೇರಿಯ ಫೋಟೋ ಸ್ಟುಡಿಯೋಗೆ ಹೋದೆವು. ಅಲ್ಲಿನ ಕತ್ತಲೆ ಕೋಣೆಯಲ್ಲಿ, ಕಣ್ಣಿಗೆ ಏನೂ ಕಾಣದಲ್ಲಿ, ದೇಸಾಯಿಯವರು ಗಾಜುಗಳನ್ನು ಅಂಚಿನಿಂದ ಹುಷಾರಾಗಿ ತಡವಿ ತಡವಿ ನೋಡಿದರು. "ಗಾಜs ಅವ ತಂಗಿ. ಬರೇ ಗಾಜು" ಎಂದು ಕತ್ತಲೊಳಗಿಂದ ಹೇಳಿದರು. ಮತ್ತೆ, "ಇದೇನ್ರಿ ತಳದಾಗ, ಜರಡಿ ಇದ್ದಂಗ ಐತಿ?" ಎಂದರು. ರಾಯರು ಹೊಸ ಜಾಲರಿಯೊಂದನ್ನೂ ತರಿಸಿದ್ದು ನನಗೆ ಅಲ್ಲೇ ಗೊತ್ತಾಯಿತು. ಹೊರಗೆ ಬಂದ ಮೇಲೆ ದೇಸಾಯಿಯವರು ಚಹಾ ಕುಡಿಸಿದರು. ಆ ಕಡೆ ಕನ್ನಡದವರು ಸಿಗುವುದು ಎಷ್ಟು ಅಪರೂಪವೆಂದು ಇಬ್ಬರೂ ಹೇಳಿಕೊಳ್ಳಲಿಲ್ಲ, ಆದರೆ ಚಹಾ ಆರುವವರೆಗೂ ಯಾರೂ ಎದ್ದಿರಲಿಲ್ಲ. ಆಮೇಲೆ ಅವರನ್ನು ನಾನು ಕಾಣಲಿಲ್ಲ.

ಹೊಸ ಜರಡಿಯೂ ಹಳೆಯದರಂತೆ ಹತ್ತರಲ್ಲಿ ಒಂದು ಪಾಲು ಬಿಡುವಂಥದ್ದೇ. ತಂದ ಮೇಲೆ ಅಭ್ಯಾಸಕ್ಕೆಂದು ಎರಡನ್ನೂ ಒಂದರ ನಂತರ ಒಂದು ಇಟ್ಟು ಪ್ಲೇಟು ತೆಗೆದೆವು. ತೊಳೆದು ಬೆಳಕಿಗೆ ಹಿಡಿದೆವು. ಹೊಸದರ ಹಿಂದಿನ ಗೆರೆಗಳು ಕಣ್ಣಿಗೇ ಕಾಣುವಷ್ಟು ಹೆಚ್ಚು ಕಪ್ಪಾಗಿದ್ದವು. ರಾಯರು ಹಳೆಯ ಜರಡಿಯನ್ನು ಕಿಟಕಿಯ ಹತ್ತಿರ ಒಯ್ದು, ಭೂತಗನ್ನಡಿ ಹಿಡಿದು, ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿದರು. ಬೆರಳು ಹಸಿರಾಯಿತು.

"ಕಿಲುಬು," ಎಂದರು.

ಕಡಲ ಗಾಳಿಯ ಉಪ್ಪು, ಪಕ್ಕದಲ್ಲೇ ಇದ್ದ ದ್ರಾವಣದ ತೊಟ್ಟಿಯ ಹಬೆ, ಇವೆರಡೂ ಸೇರಿ ವರ್ಷಗಟ್ಟಲೆಯಿಂದ ಹಿತ್ತಾಳೆಯ ಕಣ್ಣುಗಳನ್ನು ಸದ್ದಿಲ್ಲದೆ ಮುಚ್ಚುತ್ತ ಬಂದಿದ್ದವು. ಹತ್ತರಲ್ಲಿ ಒಂದು ಪಾಲು ಬೆಳಕು ಬರುತ್ತಿದೆ ಎಂದು ನಾವು ಗುಣಿಸುತ್ತಿದ್ದೆವು. ಬರುತ್ತಿದ್ದದ್ದು ಅದರ ಅರ್ಧ. ಹಾಗಾಗಿ ನಮ್ಮ ಲೆಕ್ಕದಲ್ಲಿ ದೊಡ್ಡ ಗಂಟಲಿನ ಗೆರೆಗಳ ದನಿ ಅರ್ಧಕ್ಕೆ ಇಳಿದು, ಅವುಗಳ ಎದುರು ಮೆಲುದನಿಯವು ಇದ್ದದ್ದಕ್ಕಿಂತ ಜೋರಾಗಿ ಕಂಡಿದ್ದವು. ನಾನು ತಿಕ್ಕಬಾರದ ಕಬ್ಬಿಣವನ್ನು ತಿಕ್ಕಿ, ತಿಕ್ಕಲೇಬೇಕಾದ ಹಿತ್ತಾಳೆಯನ್ನು ಮುಟ್ಟದೆ ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಹಿತ್ತಾಳೆ ಚೆಂಬಿಗೆ ವಾರಕ್ಕೊಮ್ಮೆ ಹುಣಸೆಹುಳಿ ಬೀಳದಿದ್ದರೆ ಅಮ್ಮ ಸುಮ್ಮನಿರುತ್ತಿರಲಿಲ್ಲ. ಆದರೆ ಕೇಳದೆ ಏನನ್ನೂ ತೊಳೆಯಬಾರದೆಂದು ಅಪ್ಪಣೆಯಾಗಿತ್ತು, ಕೇಳಬೇಕೆಂದು ನನಗೆ ತೋಚಲಿಲ್ಲ, ತೊಳೆಯಿರಿ ಎಂದು ಹೇಳಬೇಕೆಂದು ಅವರಿಗೂ ತೋಚಲಿಲ್ಲ. ಚುಕ್ಕಿಗಳು ಸಾಲಿನಲ್ಲಿ ಕೂತಿದ್ದವಲ್ಲ, ಮತ್ತೆ ಯಾರು ಕೇಳುತ್ತಾರೆ?

ಅದೇ ದೊಡ್ಡ ಪ್ರಶ್ನೆಯಾಯಿತು. ನಮ್ಮ ಜರಡಿ ತಪ್ಪಿದ್ದರೆ ಚುಕ್ಕಿಗಳು ಅಷ್ಟು ಚೆನ್ನಾಗಿ ಸಾಲಿಗೆ ಕೂತದ್ದು ಹೇಗೆ? ಹಳೆಯದನ್ನು ಹುಣಸೆಹುಳಿ ಹಾಕಿ ತೊಳೆದೆವು, ಈ ಸಲ ಅಪ್ಪಣೆ ಪಡೆದು. ತೊಳೆದ ಮೇಲೆ ಎರಡೂ ಜರಡಿಗಳು ಒಂದೇ ಅಳತೆ ಕೊಟ್ಟವು. ಹಳೆಯ ಗೆರೆಗಳನ್ನೆಲ್ಲ ಮತ್ತೆ ಅಳೆದು ಚುಕ್ಕಿ ಹಾಕಿದರೆ, ಮೆಲುದನಿಯ ಗೆರೆಗಳ ಕಡೆ ಸಾಲು ಬಾಗಿ ಕೆಳಗಿಳಿಯಿತು. ಅರ್ಥ ಒಂದೇ. ಜಗತ್ತು ನಂಬಿದ ಆ ಪಟ್ಟಿಯೂ ತಪ್ಪು. ಅವರ ತಪ್ಪಿಗೆ ಅವರದೇ ಕಾರಣ ಏನೋ ಇದ್ದಿರಬೇಕು, ನಮ್ಮದಕ್ಕೆ ಕಿಲುಬು. ಎರಡು ತಪ್ಪುಗಳು ಒಂದೇ ಕಡೆಗೆ ವಾಲಿದ್ದರಿಂದ ಒಂದನ್ನೊಂದು ಒಪ್ಪಿದ್ದವು. ನಾವು ಅದನ್ನು ಗೋಡೆಗೆ ಅಂಟಿಸಿದ್ದೆವು.

ಸಾಲು ಬಾಗಿದ್ದನ್ನು ಕಂಡ ಮರುದಿನ ಮಧ್ಯಾಹ್ನ ರಾಯರು ನನ್ನನ್ನು ಕರೆದು ಕೂರಿಸಿದರು. ಹಾಗೆ ಕೂರಿಸಿದ್ದು ಅದೇ ಮೊದಲು.

"ಲೇಖನ ಇನ್ನೇನು ಅಚ್ಚಾಗುತ್ತೆ. ಎಲ್ಲರ ಪಟ್ಟಿಗೂ ಸರಿ ಹೊಂದುತ್ತೆ, ಯಾರೂ ಬೆರಳು ತೋರಿಸಲ್ಲ. ವಾಪಸ್ ತರಿಸ್ಕೊಂಡು ಹೊಸ ಅಳತೆ ಕಳಿಸಿದ್ರೆ, ನಿಮ್ಮ ಯಂತ್ರ ಸರಿಯಿಲ್ಲ ಅಂತಾರೆ. ಅವರ ಜಾಗದಲ್ಲಿ ನಾನಿದ್ರೂ ಹಾಗೇ ಅಂತಿದ್ದೆ. ಮೈಸೂರಿನವರು ಕಾಯೋದಿಲ್ಲ." ಗೋಡೆಯ ಹಾಳೆಯ ಕಡೆ ನೋಡಿದರು. "ನೀವೇನಂತೀರಿ?"

ನಾನು ಏನನ್ನಲಿ? ಅವರು ಹೋಗಬೇಕು ಎಂದು ನನಗೆ ಗೊತ್ತಿತ್ತು. ಆ ಹೆಂಗಸಿಗೆ ಬಿಸಿನೀರು ಕಾಯಿಸಿಕೊಡುವವರು ಬೇಕಿತ್ತು. ಅವರು ಹೋಗಬಾರದು ಎಂದು ನನ್ನೊಳಗೆ ಇನ್ನೊಬ್ಬಳು ಹೇಳುತ್ತಿದ್ದಳು, ಹೋದರೆ ನಿನಗೆ ಮತ್ತೆ ಎಲ್ಲ ದಿನವೂ ಭಾನುವಾರ ಎನ್ನುತ್ತಿದ್ದಳು. ಪ್ಲೇಟು ಹೇಳುತ್ತಿದ್ದುದೂ ಅವಳು ಹೇಳುತ್ತಿದ್ದುದೂ ಒಂದೇ ಆಗಿತ್ತು. ಅದೇ ನನ್ನ ಸಂಕಟ.

"ತೊಳೆದ ಜರಡಿ ಹೇಳಿದ್ದೇ ಸರಿ ಸರ್," ಎಂದೆ. "ಹಿಂದೆ ತರಿಸಿಕೊಳ್ಳುವುದೇ ಒಳ್ಳೆಯದು."

"ಸರಿ," ಎಂದರು. ಗೋಡೆಯ ಹಾಳೆಯನ್ನು ತೆಗೆದು ಮಡಿಸಿ ಮೇಜಿನ ಒಳಗಿಟ್ಟರು.

ಲೇಖನ ಹಿಂದೆ ಬಂತು. ಹೊಸ ಅಳತೆಗಳನ್ನು ಕಳಿಸಿದಾಗ ಅವರು ಹೇಳಿದಂತೆಯೇ ಆಯಿತು, ನಿಮ್ಮ ಉಪಕರಣವನ್ನು ಪರೀಕ್ಷಿಸಿಕೊಳ್ಳಿ ಎಂದು ವಿನಯದಿಂದ ತಿರಸ್ಕರಿಸಿದರು. ಕೊನೆಗೆ ಇಲ್ಲಿನದೇ ಒಂದು ಸಣ್ಣ ಪತ್ರಿಕೆ ಅದನ್ನು ಒಂದು ಮೂಲೆಯಲ್ಲಿ ಹಾಕಿತು. ಮೈಸೂರಿನ ಹುದ್ದೆ ಬೇರೆಯವರಿಗೆ ಹೋಯಿತು. ರಾಯರು ತಿರುವನಂತಪುರದಲ್ಲೇ ಉಳಿದರು.

ಉಳಿದರು, ಆದರೆ ನನ್ನೊಂದಿಗೆ ಕನ್ನಡ ಬಿಟ್ಟರು. ಸಿಟ್ಟಲ್ಲ, ಮುಖ ಗಂಟು ಹಾಕಿದ್ದಲ್ಲ. ಮೊದಲಿನ ಮರ್ಯಾದೆ, ಮೊದಲಿನ ಮೃದು ದನಿ, ಆದರೆ ಎಲ್ಲವೂ ಇಂಗ್ಲಿಷಿನಲ್ಲಿ. ನಾನು ಬೇಕೆಂದೇ 'ಉಂಟು' ಎಂದರೂ ತಿದ್ದುತ್ತಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಅವರಿಗೆ ಕಂಡಿತು, ಅದಕ್ಕೇ ಹೀಗೆ ಎಂದು ನಾನು ತೀರ್ಮಾನಿಸಿಕೊಂಡೆ. ಎದುರಿಗೆ ಮೇಜಿನಲ್ಲಿ ಕೂತಿದ್ದರೂ ಅವರು ಮೈಸೂರಿಗೆ ಹೋಗಿದ್ದರೆ ಆಗುವುದಕ್ಕಿಂತ ಹೆಚ್ಚು ದೂರವಾದರು. ಮರುವರ್ಷ ಒಂದು ತಂತಿ ಬಂತು. ಅವರು ಮೈಸೂರು ಮುಟ್ಟುವಾಗ ಹೆಂಡತಿ ತೀರಿಕೊಂಡಾಗಿತ್ತು. ತಿರುಗಿ ಬಂದು, ಕಪ್ಪು ಕನ್ನಡಕ ಹಾಕಿಕೊಂಡು, ಆರ್ಕ್ ಹೊತ್ತಿಸಿ, ಉರಿಯುವುದನ್ನು ನೋಡುತ್ತ ನಿಂತರು. ಪ್ಲೇಟು ಹಾಕಿರಲಿಲ್ಲ. ನಾನು ಹೊರಗೆ ಬಂದೆ.

ಆಮೇಲೆ ಆ ಕೆಲಸಕ್ಕೆ ಬರುತ್ತಿದ್ದ ಹಣ ನಿಂತಿತು. ರಾಯರು ಊರಿಗೆ ಹೋದರು, ನಾನು ಕಾಲೇಜೊಂದರ ಪ್ರಯೋಗಾಲಯಕ್ಕೆ ಸೇರಿ ಅಲ್ಲೇ ನಿವೃತ್ತಿಯಾದೆ. ಪಿಪೆಟ್ಟು ಒಡೆದವರ ಹೆಸರು ಬರೆದುಕೊಳ್ಳುತ್ತ ಕಳೆದ ಆ ವರ್ಷಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಲೇಖನ ಹಿಂದೆ ತರಿಸಿಕೊಂಡು ಹತ್ತು ವರ್ಷ ಕಳೆದಿರಬೇಕು, ನಾನಿನ್ನೂ ಕಾಲೇಜಿನ ಕೆಲಸದಲ್ಲಿದ್ದೆ. ಗ್ರಂಥಾಲಯದಲ್ಲಿ ಪತ್ರಿಕೆಯೊಂದನ್ನು ತಿರುವುತ್ತಿದ್ದಾಗ ಸುದ್ದಿ ಸಿಕ್ಕಿತು. ಕಬ್ಬಿಣದ ಗೆರೆಗಳನ್ನು ಬೇರೆ ಬೇರೆ ದಾರಿಯಿಂದ ಹೊಸದಾಗಿ ಅಳೆದಿದ್ದಾರೆ, ಹಳೆಯ ಪಟ್ಟಿಯಲ್ಲಿ ಮೆಲುದನಿಯ ಗೆರೆಗಳನ್ನು ವಿಪರೀತ ಜೋರೆಂದು ಬರೆದಿತ್ತು, ಸೂರ್ಯನಲ್ಲಿ ಕಬ್ಬಿಣ ಈವರೆಗೆ ಹೇಳಿದ್ದಕ್ಕಿಂತ ಹತ್ತು ಪಟ್ಟಿನ ಹತ್ತಿರ ಹೆಚ್ಚು. ನಾನು ಕೂತಲ್ಲೇ ಕೂತೆ. ಹೇಳಲು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಅದೇ ವಾರ ರಜೆ ಹಾಕಿ ಮೈಸೂರಿಗೆ ಹೊರಟೆ.

ರಾಯರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದರು. ಮದುವೆಯ ವಯಸ್ಸಿಗೆ ಬಂದಿದ್ದ ಸುಮತಿ ಕಾಫಿ ತಂದಿಟ್ಟು ಒಳಗೆ ಹೋದಳು. ನಾನು ಸುದ್ದಿ ಹೇಳಿದೆ.

"ಮೇಲಕ್ಕೋ ಕೆಳಕ್ಕೋ?" ಎಂದರು, ಕನ್ನಡದಲ್ಲಿ.

"ಮೇಲಕ್ಕೆ ಸರ್. ಹತ್ತು ಪಟ್ಟಿನ ಹತ್ತಿರ."

"ನಮ್ಮದು ಎಷ್ಟು ಹೇಳಿತ್ತು?"

"ನಮ್ಮದು ಎರಡು ಪಟ್ಟು ಸರ್."

"ಹಾಗಾದ್ರೆ ನಾವೂ ತಪ್ಪೇ."

"ತಪ್ಪೇ. ಆದರೆ ಮೇಲಕ್ಕೇ ಹೇಳಿದ್ದೆವು."

ಅವರು ನಕ್ಕರು. ಆ ನಗುವಿನ ಧೈರ್ಯದ ಮೇಲೆ ನಾನು ಅಷ್ಟು ವರ್ಷ ಹೊತ್ತುಕೊಂಡಿದ್ದನ್ನು ಇಳಿಸಲು ಹೊರಟೆ. "ಸರ್, ಆ ದಿನ ಹಿಂದೆ ತರಿಸಿಕೊಳ್ಳಿ ಅಂತ ನಾನು ಹೇಳಿದ್ದು ಪ್ಲೇಟು ನೋಡಿ ಮಾತ್ರ ಅಲ್ಲ. ನೀವು ಹೋದ್ರೆ ನನಗೆ ಅಲ್ಲಿ ಯಾರೂ ಇರ್ಲಿಲ್ಲ. ಅದೂ ಮನಸ್ಸಿನಲ್ಲಿ ಇತ್ತು. ನಾನು ಹಾಗೆ ಹೇಳದೇ ಇದ್ದಿದ್ರೆ ನೀವು ಮನೆಯಲ್ಲಿ, ಅಮ್ಮನವರ ಹತ್ತಿರ..."

"ನೀವು ಹೇಳಿದ್ದಕ್ಕಾ?" ಎಂದು ಅವರು ನನ್ನ ದನಿ ಬಂದ ಕಡೆಗೆ ತಿರುಗಿದರು. "ಲೇಖನ ವಾಪಸ್ ಕಳಿಸಿ ಅಂತ ಅವತ್ತು ಬೆಳಗ್ಗೇನೇ ನಾನು ಪತ್ರಿಕೆಗೆ ತಂತಿ ಕೊಟ್ಟು ಬಂದಿದ್ದೆ ವಿಶಾಲಾಕ್ಷಿ. ಪೋಸ್ಟಾಫೀಸ್ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ ನಿಂತಿದ್ದೆ."

"ಮತ್ತೆ ಮಧ್ಯಾಹ್ನ ನನ್ನ ಹತ್ತಿರ ಯಾಕೆ ಕೇಳಿದ್ದು ಸರ್?"

"ಸರಿಯಾಗಿ ಮಾಡ್ದೆ ಅಂತ ಯಾರಾದ್ರೂ ಒಬ್ಬರು ಕನ್ನಡದಲ್ಲಿ ಹೇಳಬೇಕಾಗಿತ್ತು. ಆ ಊರಲ್ಲಿ ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳಲಿ?"

"ಆಮೇಲೆ ನೀವು ಕನ್ನಡ ಮಾತಾಡಲೇ ಇಲ್ಲ."

"ಆಡಿದ್ರೆ ಮನೆ ನೆನಪಾಗ್ತಿತ್ತು. ತಡೆಯೋಕೆ ಆಗ್ತಿರಲಿಲ್ಲ." ಕಾಫಿಯ ಲೋಟವನ್ನು ತಡವಿ ಎತ್ತಿಕೊಂಡರು. "ನಿಮಗೂ ಹಾಗೇ ಆಗ್ತಿರುತ್ತೆ ಅಂತ ನನಗೆ ಹೊಳೀಲೇ ಇಲ್ಲ ನೋಡಿ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವರಿಗೆ ಕಾಣುತ್ತಿರಲಿಲ್ಲ, ಆದರೂ ಒರೆಸಿಕೊಂಡೆ. ಹೊತ್ತಾಗುತ್ತಿತ್ತು, ಬಸ್ಸಿಗೆ ಹೊರಡಬೇಕೆಂದು ಚೀಲ ಕೈಗೆ ತೆಗೆದುಕೊಂಡು ಎದ್ದೆ.

"ಬಸ್ಸಿಗೆ ಇನ್ನೂ ಹೊತ್ತು ಉಂಟಲ್ಲ," ಎಂದರು ರಾಯರು. "ಕೂತ್ಕೊಳ್ಳಿ ಸ್ವಲ್ಪ."

ನಾನು ಚೀಲ ಕೆಳಗಿಟ್ಟು ಕೂತೆ.